375 ಹೇಗೆ ಬಂತು?

ಜೂನ್ ಬಂತೆಂದರೆ ನಮ್ಮ ಕಡೆ ಎರಡು ಕೆಲಸ ಜೋರು. ಒಂದು, ಪುಸ್ತಕಗಳಿಗೆ ಬೈಂಡ್ ಹಾಕೋದು. ಇನ್ನೊಂದು, ಟ್ಯೂಷನ್ ಹುಡುಕೋದು. ನಾನು ಬೆಂಗಳೂರಿನ ಹನುಮಂತನಗರದಲ್ಲಿ ಮನೆಯ ಹಾಲ್‌ನಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೂರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನ ತನಕ, ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ ಎಲ್ಲರೂ ಒಂದೇ ಜಮಖಾನೆಯ ಮೇಲೆ. ಫೋನ್ ಮಾಡುವ ಅಪ್ಪ ಅಮ್ಮಂದಿರ ಮಾತು ಹೆಚ್ಚುಕಮ್ಮಿ ಒಂದೇ. "ಮೇಡಂ, ಬೇರೆ ಎಲ್ಲಾದ್ರಲ್ಲೂ ಪರವಾಗಿಲ್ಲ, ಮ್ಯಾತ್ಸ್ ಒಂದ್ರಲ್ಲಿ ವೀಕು."

ಎಷ್ಟನೇ ಕ್ಲಾಸು ಅಂತ ನಾನೂ ಕೇಳುತ್ತೇನೆ. ಆದರೆ ಅದು ಟೈಮ್ ಹೊಂದಿಸೋಕೆ ಮಾತ್ರ. ಮಗು ಯಾವ ಕ್ಲಾಸಿನಲ್ಲಿ ಕೂತಿದೆ ಅನ್ನೋದು ಬೇರೆ, ಅದರ ಗಣಿತ ಯಾವ ಕ್ಲಾಸಿನಲ್ಲಿ ನಿಂತಿದೆ ಅನ್ನೋದು ಬೇರೆ. ಸಿಲಬಸ್ ಅನ್ನೋದು ನಮ್ಮ ಬಿಎಂಟಿಸಿ ಬಸ್ ಇದ್ದ ಹಾಗೆ, ನಡುವೆ ಇಳಿದವರಿಗೆ ಕಾಯುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗ ಐದನೇ ಕ್ಲಾಸಿನ ಭಿನ್ನರಾಶಿ ಸ್ಟಾಪಿನಲ್ಲೇ ಇಳಿದುಬಿಟ್ಟಿರಬಹುದು. ಅದು ಅವನಿಗೂ ಗೊತ್ತಿರುವುದಿಲ್ಲ, ಮನೆಯವರಿಗಂತೂ ಗೊತ್ತಿರುವುದೇ ಇಲ್ಲ. ಮಾರ್ಕ್ಸ್ ಕಾರ್ಡ್ ಅದನ್ನು ಹೇಳುವುದಿಲ್ಲ. ಅದು 100ಕ್ಕೆ 41 ಅಂತ ಬರೆದು ಸುಮ್ಮನಾಗುತ್ತದೆ.

ಒಂದು ಲೆಕ್ಕ ನೋಡೋಣ. 503ರಲ್ಲಿ 278 ಕಳೆಯಬೇಕು. ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿ ಪಟಪಟ ಅಂತ 375 ಬರೆದಳು. ಸರಿ ಉತ್ತರ 225. ಸ್ಕೂಲಿನ ಪುಸ್ತಕದಲ್ಲಿ ಇಂಥ ಲೆಕ್ಕಗಳಿಗೆಲ್ಲ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿತ್ತು, ಕೆಳಗೆ "ಪ್ರಾಕ್ಟೀಸ್ ಮಾಡಿಸಿ" ಅಂತ ಷರಾ. ಅಮ್ಮ ಪಾಪ ಮಾಡಿಸಿದ್ದರು. ದಿನಾ ಹತ್ತು ಕಳೆಯುವ ಲೆಕ್ಕ. ಹುಡುಗಿ ಹತ್ತೂ ತಪ್ಪು ಮಾಡುತ್ತಿದ್ದಳು.

ಈಗ 375 ಹೇಗೆ ಬಂತು ನೋಡಿ. 3 ಮತ್ತು 8, ವ್ಯತ್ಯಾಸ 5. 0 ಮತ್ತು 7, ವ್ಯತ್ಯಾಸ 7. 5 ಮತ್ತು 2, ವ್ಯತ್ಯಾಸ 3. ಅಷ್ಟೇ! ಅವಳ ಪ್ರಕಾರ ಕಳೆಯೋದು ಅಂದರೆ ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ತೆಗೆಯೋದು, ಯಾವುದು ಮೇಲಿದೆ ಯಾವುದು ಕೆಳಗಿದೆ ಅನ್ನೋದು ಲೆಕ್ಕಕ್ಕಿಲ್ಲ. ಆ ನಿಯಮವನ್ನು ಅವಳು ಎಲ್ಲೂ ತಪ್ಪದೆ ಪಾಲಿಸಿದ್ದಳು. ಎರಡನೇ ಕ್ಲಾಸಿನಲ್ಲಿ "ಚಿಕ್ಕದರಿಂದ ದೊಡ್ಡದು ಹೋಗಲ್ಲ" ಅಂತ ಯಾರೋ ಹೇಳಿದ್ದನ್ನು ಹೀಗೆ ಹಿಡಿದುಕೊಂಡಿದ್ದಳು. ಇಂಥ ಮಗುವಿಗೆ ದಿನಾ ಹತ್ತು ಲೆಕ್ಕ ಕೊಟ್ಟರೆ ಏನಾಗುತ್ತದೆ? ತಪ್ಪು ನಿಯಮವೇ ಇನ್ನೂ ಗಟ್ಟಿಯಾಗುತ್ತದೆ.

ನನ್ನ ಪ್ರಕಾರ ಟ್ಯೂಷನ್ನಿನ ಕೆಲಸ ಇದೇ. ತಪ್ಪು ಉತ್ತರದ ಹಿಂದೆ ಬಹಳ ಸಲ ಒಂದು ನಿಯಮ ಇರುತ್ತದೆ. ಮಗು ಅದನ್ನು ತಾನೇ ಕಟ್ಟಿಕೊಂಡಿರುತ್ತದೆ. ಅದನ್ನು ಪತ್ತೆ ಮಾಡಬೇಕು. ಸ್ಕೂಲಿನ ಮೇಷ್ಟ್ರಿಗೆ ಇದು ಬರುವುದಿಲ್ಲ ಅಂತಲ್ಲ. ನಲವತ್ತು ಐವತ್ತು ಮಕ್ಕಳ ಕ್ಲಾಸು, ನಲವತ್ತು ನಿಮಿಷದ ಪೀರಿಯಡ್ಡು, ಒಬ್ಬೊಬ್ಬರ ಹತ್ತಿರ ಹೋಗಿ "ಇದು ಹೇಗೆ ಬಂತು ಕಂದಾ" ಅಂತ ಕೇಳೋಕೆ ಅವರಿಗೆ ಪುರುಸೊತ್ತೆಲ್ಲಿ? ನನಗೆ ಆ ಪುರುಸೊತ್ತಿದೆ. ನನ್ನಲ್ಲಿ ಜಾಸ್ತಿ ಇರುವುದು ಅದೊಂದೇ.

ಹಾಗಾದರೆ ಆ ಹುಡುಗಿಗೆ ಏನು ಮಾಡಿದೆ? ಪೆನ್ಸಿಲ್ ಕಿತ್ತಿಟ್ಟೆ. ವ್ಯಾಪಾರದ ಆಟದ ಡಬ್ಬಿಯ ನೋಟುಗಳನ್ನು ತೆಗೆದೆ. ನೂರರ ನೋಟು ಐದು, ಒಂದರ ನಾಣ್ಯ ಮೂರು. "ನನಗೆ 278 ಕೊಡು." ಮೊದಲು ಎರಡು ನೂರರ ನೋಟು ಕೊಟ್ಟಳು. ಆಮೇಲೆ ನಿಂತಳು. ಹತ್ತರ ನೋಟೇ ಇಲ್ಲವಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ನಾನು ಫ್ಯಾನ್ ನೋಡುತ್ತಾ ಕೂತೆ. "ಚಿಲ್ಲರೆ ಕೊಡ್ತೀರಾ ಮಿಸ್?" ಅಂದಳು. ಅಷ್ಟು ಸಾಕಿತ್ತು. ನೂರಕ್ಕೆ ಹತ್ತು ಹತ್ತರ ನೋಟು, ಅದರಲ್ಲೊಂದಕ್ಕೆ ಹತ್ತು ನಾಣ್ಯ. ಕೈಯಲ್ಲಿ ಈಗ ನೂರರ ನೋಟು ಎರಡು, ಹತ್ತರದ್ದು ಒಂಬತ್ತು, ನಾಣ್ಯ ಹದಿಮೂರು. ಹತ್ತರ ಏಳು ನೋಟು, ಎಂಟು ನಾಣ್ಯ ಕೊಟ್ಟಳು. ಉಳಿದದ್ದನ್ನು ಎಣಿಸಿದಳು. 225. ದಶಕ ತರೋದು, ಸೊನ್ನೆಯ ಮೇಲೆ 9 ಬರೆಯೋದು, ಎಲ್ಲ ಅವಳ ಕೈಯಲ್ಲೇ ನಡೆದುಹೋಯಿತು. ಇದನ್ನು ಪುಸ್ತಕದ ಮೇಲೆ ಇಳಿಸೋಕೆ ಇನ್ನೂ ಕೆಲವು ವಾರ ಹಿಡಿಯಿತು, ಅದು ಬೇರೆ ಮಾತು. ಆ ಕೆಲವು ವಾರದಲ್ಲಿ ಅವಳಮ್ಮ "ಬರೀ ಆಟ ಆಡಿಸ್ತಾರಂತೆ" ಅಂತ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಈ ಪುಸ್ತಕಕ್ಕೆ ಇಳಿಸುವ ಭಾಗ ಇದೆಯಲ್ಲ, ಅದನ್ನು ಹಗುರವಾಗಿ ತಗೊಳ್ಳಬಾರದು. 2025ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರದ್ದು. ಕೋಲ್ಕತ್ತಾ ಮತ್ತು ದೆಹಲಿಯ ಮಾರ್ಕೆಟ್‌ಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ತೂಕ, ಬೆಲೆ, ಚಿಲ್ಲರೆಯ ಸುತ್ತುಬಳಸಿನ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಿದ್ದರು. ಅವರಿಗೇ ಸ್ಕೂಲಿನ ರೀತಿಯಲ್ಲಿ ಬರೆದ, ಅದಕ್ಕಿಂತ ಸುಲಭದ ಲೆಕ್ಕ ಕೊಟ್ಟರೆ ಕಷ್ಟಪಟ್ಟರು. ವ್ಯಾಪಾರ ಮಾಡದೆ ಬರೀ ಸ್ಕೂಲಿಗೆ ಹೋಗುವ ಮಕ್ಕಳದ್ದು ಉಲ್ಟಾ. ಕಾಗದದ ಲೆಕ್ಕ ಬರುತ್ತೆ, ಮಾರ್ಕೆಟ್ಟಿನ ಲೆಕ್ಕ ಬರಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಕಾಲು ಕೆಜಿ ಸೇವಂತಿಗೆ ತೂಗಿ, ನೂರರ ನೋಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಚಿಲ್ಲರೆ ಕೊಡುವ ಹುಡುಗರನ್ನು ನೋಡಿದವರಿಗೆ ಮೊದಲ ಅರ್ಧ ಆಶ್ಚರ್ಯ ಅನ್ನಿಸುವುದಿಲ್ಲ. ನನ್ನನ್ನು ಚುಚ್ಚಿದ್ದು ಎರಡನೇ ಅರ್ಧ. ಒಂದು ಕಡೆಯ ಲೆಕ್ಕ ತಾನಾಗೇ ಇನ್ನೊಂದು ಕಡೆಗೆ ದಾಟುವುದಿಲ್ಲ. ಯಾರಾದರೂ ಕೂತು ದಾಟಿಸಬೇಕು. ನೋಟು ಎಣಿಸುವಾಗಲೇ ಪಕ್ಕದಲ್ಲಿ ಬರೆಸಬೇಕು, ಬರೆದದ್ದನ್ನು ಮತ್ತೆ ನೋಟಿನಲ್ಲಿ ತೋರಿಸು ಅನ್ನಬೇಕು.

ಈ ಕೆಲಸಕ್ಕೆ ಎಂಎಸ್ಸಿ ಗಣಿತ ಬೇಕಿಲ್ಲ. ಮಕ್ಕಳ ಶಿಕ್ಷಣಕ್ಕೆ ಕೆಲಸ ಮಾಡುವ ಪ್ರಥಮ್ ಸಂಸ್ಥೆ ಮುಂಬೈ ಮತ್ತು ವಡೋದರದಲ್ಲಿ ಬಾಲಸಖಿ ಅಂತ ಒಂದು ಕಾರ್ಯಕ್ರಮ ನಡೆಸಿತ್ತು. ಮೂರನೇ ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಸ್ಕೂಲಿನ ಸಮಯದಲ್ಲೇ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಹುಡುಗಿಯರು ಪಾಠ ಹೇಳುತ್ತಿದ್ದರು. ಬ್ಯಾನರ್ಜಿ, ಡುಫ್ಲೋ ತಂಡ ಅದನ್ನು ಅಳೆದು 2007ರಲ್ಲಿ ಪ್ರಕಟಿಸಿತು. ಮಕ್ಕಳ ಕಲಿಕೆ ಚೆನ್ನಾಗಿ ಏರಿತ್ತು, ಅದರಲ್ಲೂ ತೀರಾ ಹಿಂದಿದ್ದವರದ್ದು. ಕ್ಲಾಸಿನ ಪಾಠ ಹೇಳದೆ ಮಗು ಇರುವ ಮಟ್ಟದ ಪಾಠ ಹೇಳಿದ್ದರಿಂದ ಬಂದ ಫಲ ಅದು. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡೋಕೆ ಪ್ರಥಮ್‌ನವರೇ ಶುರು ಮಾಡಿದ ಅಸರ್ ಸಮೀಕ್ಷೆಯಲ್ಲೂ ಹೀಗೇ. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ವಯಸ್ಸು ಎಷ್ಟೇ ಇರಲಿ, ಒಂದೇ ಏಣಿ ಹಿಡಿಯುತ್ತಾರೆ. ಒಂದಂಕಿ ಗುರುತಿಸೋದು, ಎರಡಂಕಿ ಗುರುತಿಸೋದು, ದಶಕ ತಂದು ಕಳೆಯೋದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸೋದು. ನನ್ನ ಹತ್ತಿರ ಹೊಸದಾಗಿ ಬರುವ ಏಳನೇ ಕ್ಲಾಸಿನವರಿಗೂ ಮೊದಲ ದಿನ ನಾನು ಇಂಥದ್ದೇ ಒಂದು ಹಾಳೆ ಕೊಡುತ್ತೇನೆ. ಕೆಲವರಿಗೆ ಅವಮಾನ ಆಗುತ್ತೆ. "ಇದು ಚಿಕ್ಕ ಮಕ್ಕಳ ಲೆಕ್ಕ ಮಿಸ್" ಅನ್ನುತ್ತಾರೆ. ಸರಿ, ಹಾಗಾದ್ರೆ ಬೇಗ ಮುಗಿಸಿಬಿಡು ಅನ್ನುತ್ತೇನೆ. ಭಾಗಾಕಾರಕ್ಕೆ ಬಂದಾಗ ಪೆನ್ನು ನಿಧಾನವಾಗುತ್ತದೆ.

ಅತಿ ಕಷ್ಟದ ವಯಸ್ಸು ಅಂದರೆ ಆರರಿಂದ ಎಂಟನೇ ಕ್ಲಾಸು. ಹತ್ತನೇ ಕ್ಲಾಸಿಗೆ ಎಲ್ಲರೂ ಹೆದರುತ್ತಾರೆ, ಆದರೆ ಹುಡುಗರು ಗಣಿತವನ್ನು ಕೈಬಿಡುವುದು ಇಲ್ಲೇ. ಇಲ್ಲಿಯವರೆಗೆ ಲೆಕ್ಕ ಕೈಗೆ ಸಿಗುತ್ತಿತ್ತು. ಈಗ ಭಿನ್ನರಾಶಿ, ಋಣ ಸಂಖ್ಯೆ, ಸಂಖ್ಯೆಯ ಬದಲು ಅಕ್ಷರ, ಒಂದಾದ ಮೇಲೊಂದು ಬರುತ್ತವೆ. ಜೊತೆಗೆ ನಾಚಿಕೆ. ಮೂರನೇ ಕ್ಲಾಸಿನ ಮಗು "ಗೊತ್ತಿಲ್ಲ" ಅಂತ ಆರಾಮಾಗಿ ಹೇಳುತ್ತೆ, ಏಳನೇ ಕ್ಲಾಸಿನವನು ಹೇಳಲ್ಲ. ಪಕ್ಕದವನ ಪುಸ್ತಕಕ್ಕೆ ಕಣ್ಣು ಹಾಕುತ್ತಾನೆ.

1/2 + 1/2 ಎಷ್ಟು ಅಂದರೆ 2/4 ಅಂತ ಬರೆಯುವವರು ಆರನೇ ಕ್ಲಾಸಿನಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಮೇಲಿನದಕ್ಕೆ ಮೇಲಿನದು ಕೂಡಿಸಿದರು, ಕೆಳಗಿನದಕ್ಕೆ ಕೆಳಗಿನದು. ಮತ್ತೆ ಅದೇ ಕಥೆ, ನಿಯಮ ಇದೆ, ತಪ್ಪು ನಿಯಮ. "ತಪ್ಪು" ಅಂತ ನಾನು ಹೇಳುವುದಿಲ್ಲ. ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ ಎರಡು ತಂದು ಒಂದೇ ಪಾತ್ರೆಗೆ ಸುರಿದರೆ ಎಷ್ಟು ಹಾಲು ಅಂತ ಕೇಳುತ್ತೇನೆ. ಒಂದು ಲೀಟರ್ ಅಂತ ತಕ್ಷಣ ಬರುತ್ತೆ. ಹಾಗಾದರೆ ನಿನ್ನ 2/4 ಎಷ್ಟು ಲೀಟರ್? ಎರಡು ಬೈ ನಾಲ್ಕು ಅಂದ್ರೆ... ಅರ್ಧ. ಹಾಗಾದರೆ ಒಂದು ಪ್ಯಾಕೆಟ್ ಎಲ್ಲಿ ಹೋಯ್ತು? ನಗುತ್ತಾರೆ. ನಕ್ಕ ಮೇಲೆ ಛೇದ ಸಮ ಮಾಡುವುದನ್ನು ಹೇಳಿಕೊಡಬಹುದು. ಅದಕ್ಕೂ ಮೊದಲು ಹೇಳಿದರೆ ಲ.ಸಾ.ಅ. (ಎಲ್ಲ ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಅನ್ನೋದು ಇನ್ನೊಂದು ಅರ್ಥವಿಲ್ಲದ ನಿಯಮವಾಗಿ ತಲೆಯಲ್ಲಿ ಕೂರುತ್ತದೆ.

ಇಲ್ಲೊಂದು ಅಡ್ಡಮಾತು. ಭಿನ್ನರಾಶಿ ಕೂಡಿಸೋಕೆ ಲ.ಸಾ.ಅ. ಬಳಸುವ ರೀತಿಯನ್ನು ಬರೆದಿಟ್ಟ ಹಳಬರಲ್ಲಿ ಮಹಾವೀರಾಚಾರ್ಯ ಮುಖ್ಯ. ಸುಮಾರು 850ರ ಹೊತ್ತಿನವನು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಕವಿರಾಜಮಾರ್ಗ ಅಂದರೆ ನೃಪತುಂಗ ನೆನಪಾಗುತ್ತಾನೆ, ಅದೇ ದೊರೆಯ ಆಶ್ರಯದಲ್ಲಿ ಮಹಾವೀರಾಚಾರ್ಯನ ಗ್ರಂಥ ಗಣಿತಸಾರಸಂಗ್ರಹವೂ ಬಂತು ಅನ್ನೋದು ಎಷ್ಟೋ ಗಣಿತದ ಮೇಷ್ಟ್ರುಗಳ ಬಾಯಲ್ಲೂ ಬರುವುದಿಲ್ಲ. ನನ್ನ ಮಕ್ಕಳಿಗೆ ಮಹಾವೀರಾಚಾರ್ಯ ಇಷ್ಟವಾಗಿರುವುದು ಬೇರೆ ಕಾರಣಕ್ಕೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತ ಆತ ಬರೆದಿದ್ದಾನೆ. ಅಷ್ಟು ದೊಡ್ಡ ಗಣಿತಜ್ಞನೂ ಅಲ್ಲಿ ಎಡವಿದ್ದಾನೆ ಅಂದಾಗ ಕೊನೆಯ ಸಾಲಿನಲ್ಲಿ ಕೂತವರೂ ತಲೆ ಎತ್ತುತ್ತಾರೆ. ಯಾಕೆ ತಪ್ಪು ಅಂತ ನೀವೇ ತೋರಿಸಿ ಅಂದರೆ ಅರ್ಧ ಗಂಟೆ ಗಲಾಟೆ. 6 ಭಾಗಿಸು 0 ಅಂದರೆ 6 ಆದರೆ, 6 ಗುಣಿಸು 0 ಮತ್ತೆ 6 ಆಗಬೇಕಲ್ಲ, ಆಗಲ್ಲವಲ್ಲ ಅನ್ನುವ ಕಡೆಗೆ ಯಾರಾದರೊಬ್ಬರು ಬಂದೇ ಬರುತ್ತಾರೆ.

ಋಣ ಸಂಖ್ಯೆಯದ್ದು ಇನ್ನೊಂದು ಕಾಟ. −3 − 5 ಎಷ್ಟು? "ಮೈನಸ್ ಮೈನಸ್ ಪ್ಲಸ್ ಮಿಸ್, ಉತ್ತರ 8." ಈ ಮಂತ್ರ ಬೆಂಗಳೂರಿನ ಪ್ರತಿ ಮಗುವಿಗೂ ಬಾಯಿಪಾಠ. ಗುಣಾಕಾರಕ್ಕೆ ಹೇಳಿದ್ದನ್ನು ಎಲ್ಲಕ್ಕೂ ಹಚ್ಚುತ್ತಾರೆ. ಅಂಗಡಿಯಲ್ಲಿ 3 ರೂಪಾಯಿ ಸಾಲ ಇತ್ತು, ಇವತ್ತು ಇನ್ನೂ 5 ರೂಪಾಯಿ ಸಾಲ ಮಾಡಿದೆ, ಅಂಗಡಿಯವರು ನಿನಗೆ 8 ರೂಪಾಯಿ ಕೊಡ್ತಾರಾ? ಇಷ್ಟು ಕೇಳಿದರೆ ಸಾಕು. ಇದನ್ನು ಎಂಟನೇ ಕ್ಲಾಸಿನಲ್ಲಿ ಸರಿ ಮಾಡದಿದ್ದರೆ ಹತ್ತನೇ ಕ್ಲಾಸಿನ ವರ್ಗ ಸಮೀಕರಣ ಪೂರ್ತಿ ಹಾಳು. ಹುಡುಗನಿಗೆ ಸೂತ್ರ ಬರುತ್ತೆ, ಬೆಲೆ ತುಂಬಿಸುವುದೂ ಬರುತ್ತೆ, ಚಿಹ್ನೆಯಲ್ಲಿ ಬೀಳುತ್ತಾನೆ.

ಅಕ್ಷರಗಳ ಹೆದರಿಕೆಗೆ ನನ್ನ ಮದ್ದು ಆಟೋ ಮೀಟರ್. 2025ರ ಆಗಸ್ಟ್‌ನಿಂದ ನಮ್ಮೂರಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. (ಮೀಟರ್ ಹಾಕುವ ಆಟೋ ಸಿಕ್ಕಿದರೆ ಅಂತ ಮಕ್ಕಳೇ ಸೇರಿಸುತ್ತಾರೆ.) 5 ಕಿ.ಮೀ.ಗೆ ಎಷ್ಟು? 36, ಆಮೇಲೆ ಮೂರು ಹದಿನೆಂಟು 54, ಒಟ್ಟು 90. 7 ಕಿ.ಮೀ.ಗೆ? 126. ಈಗ ದೂರ ಎಕ್ಸ್ ಅಂದುಕೊಳ್ಳಿ. 36 + 18(ಎಕ್ಸ್ − 2). ಆವರಣ ಬಿಡಿಸಿ. 36 + 18 ಎಕ್ಸ್ − 36. ಎರಡು 36 ಹಾರಿಹೋದವು. ಉಳಿದದ್ದು ಬರೀ 18 ಎಕ್ಸ್. ಮೊದಲ ಸಲ ಇದನ್ನು ನೋಡಿದ ಎಂಟನೇ ಕ್ಲಾಸಿನ ಹುಡುಗನೊಬ್ಬ ಐದನ್ನು ಹದಿನೆಂಟರಿಂದ ಗುಣಿಸಿ ನೋಡಿದ, ಏಳನ್ನು ಗುಣಿಸಿ ನೋಡಿದ, ಆಮೇಲೆ "ಅಯ್ಯೋ, ಮಿನಿಮಮ್ಮು ಅಂತ ಸುಮ್ನೆ ಹೆದರಿಸ್ತಾರಾ ಹಾಗಾದ್ರೆ?" ಅಂದ. ಒಂದೇ ಕಿ.ಮೀ. ಹೋಗುವವರಿಗೆ ಮಾತ್ರ ಏಟು ಅಂತ ಪಕ್ಕದ ಹುಡುಗಿ ತಿದ್ದಿದಳು. ಅವತ್ತು ಆ ಇಬ್ಬರಿಗೆ ಎಕ್ಸ್ ಅಂದರೆ ಏನು ಅಂತ ನಾನು ವಿವರಿಸಬೇಕಾಗಲಿಲ್ಲ. ಹಳೇ ದರ 30 ಮತ್ತು 15 ಇದ್ದಾಗಲೂ ಹೀಗೇ ಇತ್ತಾ ಅಂತ ಮನೆಗೆ ಹೋಗಿ ಅವರೇ ನೋಡಿಕೊಂಡು ಬಂದರು. ಹೌದು, ಹೀಗೇ ಇತ್ತು.

ಇನ್ನು ಹತ್ತನೇ ಕ್ಲಾಸು. ಇಲ್ಲಿ ನಾನು ಸ್ವಲ್ಪ ವ್ಯಾಪಾರಿ ಆಗುತ್ತೇನೆ, ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತ 80 ಅಂಕದ ಪತ್ರಿಕೆ, 20 ಆಂತರಿಕ. ಜನವರಿಯಲ್ಲಿ ಬಂದು ಕೂರುವ ಹುಡುಗನಿಗೆ ಭಿನ್ನರಾಶಿಯಿಂದ ಶುರು ಮಾಡೋಣ ಅಂದರೆ ಆಗುತ್ತಾ? ಆಗಲ್ಲ. ಅವನಿಗೆ ಬೇಕಾಗಿರುವುದು ಮೇಷ್ಟ್ರುಗಳು ಪಾಸಿಂಗ್ ಪ್ಯಾಕೇಜ್ ಅನ್ನುವ ವಸ್ತು, ಅಂದರೆ ಪಾಸಾಗೋಕೆ ಸಾಕಾಗುವಷ್ಟು ಆಯ್ದ ಪಾಠ. ಗ್ರಾಫ್ ಎಳೆದು ಸಮೀಕರಣಗಳ ಜೋಡಿ ಬಿಡಿಸೋದು, ಸಮಾಂತರ ಶ್ರೇಢಿಯ ಎರಡು ಸೂತ್ರ, ಸರಾಸರಿ ಮತ್ತು ಬಹುಲಕ, ಥೇಲ್ಸ್‌ನ ಪ್ರಮೇಯ, ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಅನ್ನುವ ಸಾಧನೆ. ಇದನ್ನು ಬೈಯುವವರಿದ್ದಾರೆ, ಬಾಯಿಪಾಠದ ಗಣಿತ ಅಂತ. ಬೈಯಲಿ. ಪಾಸಾದ ಹುಡುಗನಿಗೆ ಮುಂದೆ ಐಟಿಐ, ಡಿಪ್ಲೊಮಾ, ಪಿಯುಸಿ ಅಂತ ಬಾಗಿಲುಗಳಿವೆ. ಫೇಲಾದವನಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ, ನಿಜ, ಆದರೆ ಮೊದಲ ಪರೀಕ್ಷೆಯಲ್ಲಿ ಬಿದ್ದ ಎಷ್ಟೋ ಮಕ್ಕಳು ಮನಸ್ಸಿನಲ್ಲೇ ಸ್ಕೂಲು ಬಿಟ್ಟುಬಿಟ್ಟಿರುತ್ತಾರೆ.

ಆದರೂ ಒಂದು ಮಾತು. ಪ್ಯಾಕೇಜಿನ ಒಳಗೂ ಅರ್ಥಕ್ಕೆ ಜಾಗ ಇದೆ. ಸ್ಪರ್ಶಕದ ಸಾಧನೆಯನ್ನು ಉರು ಹೊಡೆದವನು ಚಿತ್ರದಲ್ಲಿ ಅಕ್ಷರ ಬದಲಾಯಿಸಿದರೆ ಕಂಗಾಲಾಗುತ್ತಾನೆ. ಅದೇ ಹುಡುಗನಿಗೆ ಒಂದು ಬಳೆ, ಎರಡು ಸ್ಕೇಲು ಕೊಟ್ಟು, ಮೇಜಿನ ಮೇಲೆ ಬಳೆಯ ಎರಡೂ ಪಕ್ಕಕ್ಕೆ ಸ್ಕೇಲು ತಾಗಿಸಿ ಒಂದು ಬಿಂದುವಿನಲ್ಲಿ ಸೇರಿಸು ಅಂದರೆ, ಎರಡೂ ಕಡೆ ಉದ್ದ ಒಂದೇ ಬರುತ್ತೆ ಅಂತ ತಾನೇ ಅಳೆದು ನೋಡುತ್ತಾನೆ. ಸಾಧನೆಯ ಸಾಲುಗಳು ಆಮೇಲೆ ಅಷ್ಟು ಪರಕೀಯ ಅನ್ನಿಸುವುದಿಲ್ಲ. ಹತ್ತು ನಿಮಿಷದ ಕೆಲಸ.

ಸಿಬಿಎಸ್‌ಇ ಮಕ್ಕಳದ್ದು ಇನ್ನೊಂದು ತಲೆಬಿಸಿ. 2020ರ ಪರೀಕ್ಷೆಯಿಂದ ಅಲ್ಲಿ ಹತ್ತನೇ ಕ್ಲಾಸಿಗೆ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಎರಡು ಗಣಿತ ಪತ್ರಿಕೆ. ಮುಂದೆ ಗಣಿತ ಬೇಡ ಅನ್ನುವ ಮಗುವಿಗೆ ಬೇಸಿಕ್ ಒಳ್ಳೆಯ ದಾರಿ. ಆದರೆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ "ನಿಮ್ಮವನು ಬೇಸಿಕ್ಕಾ?" ಅಂತ ಯಾರೋ ಕೇಳಿಬಿಡುತ್ತಾರೆ ಅನ್ನುವ ಭಯಕ್ಕೆ ಸ್ಟ್ಯಾಂಡರ್ಡ್ ಬರೆಸಿದ ಮನೆಗಳು ನನಗೆ ಗೊತ್ತು.

ಒಬ್ಬರಿಗೊಬ್ಬರು ಹೇಳಿಕೊಡುವ ಪಾಠಕ್ಕೆ ಎಷ್ಟು ಬಲ ಇದೆ? 1984ರಲ್ಲಿ ಬೆಂಜಮಿನ್ ಬ್ಲೂಮ್ ಅನ್ನುವ ಅಮೆರಿಕದ ಶಿಕ್ಷಣತಜ್ಞ ಒಂದು ಪ್ರಸಿದ್ಧ ಲೇಖನ ಬರೆದ. ಒಂದು ಹಂತ ಪೂರ್ತಿ ಬಂದ ಮೇಲೇ ಮುಂದಿನ ಹಂತಕ್ಕೆ ಹೋಗುವ ಕ್ರಮದಲ್ಲಿ ಒಬ್ಬೊಬ್ಬರಿಗೇ ಕಲಿಸಿದರೆ, ಅಂಥ ಮಕ್ಕಳಲ್ಲಿ ಸಾಧಾರಣ ಮಗು ಕೂಡ ಮಾಮೂಲಿ ಕ್ಲಾಸಿನ 98% ಮಕ್ಕಳನ್ನು ದಾಟುತ್ತದೆ ಅಂದ. ಆಮೇಲಿನ ಅಧ್ಯಯನಗಳಲ್ಲಿ ಲಾಭ ಕಂಡಿದೆ, ಆದರೆ ಅಷ್ಟು ದೊಡ್ಡದಲ್ಲ. ನನಗೆ ಆ ಲೇಖನದಲ್ಲಿ ಮುಖ್ಯ ಅನ್ನಿಸುವುದು ಆ ಶರತ್ತು. ಒಂದು ಹಂತ ಬಂದ ಮೇಲೇ ಮುಂದಕ್ಕೆ. ಇದಿಲ್ಲದೆ ಮನೆಗೇ ಬಂದು ಒಬ್ಬನಿಗೇ ಪಾಠ ಹೇಳಿದರೂ ಅದು ಸ್ಕೂಲಿನದೇ ಇನ್ನೊಂದು ಪೀರಿಯಡ್ಡು, ದುಡ್ಡು ಮಾತ್ರ ಜಾಸ್ತಿ. ನನ್ನಲ್ಲಿ ಒಂದು ಬ್ಯಾಚಿಗೆ ನಾಲ್ಕೈದು ಮಕ್ಕಳು. ಅದಕ್ಕಿಂತ ಜಾಸ್ತಿ ಆದರೆ 375ರಂಥವು ನನ್ನ ಕಣ್ಣಿಗೂ ಬೀಳುವುದಿಲ್ಲ.

ಟ್ಯೂಷನ್ ಹುಡುಕುವವರು ನನ್ನನ್ನು ಕೇಳಿದರೆ ಹೇಳುವುದಿಷ್ಟು. ಮಗುವಿನ ಸ್ಕೂಲಿನ ಮೇಷ್ಟ್ರ ಹತ್ತಿರವೇ ಕಳಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಅನ್ನುತ್ತದೆ, ಅದಕ್ಕೆ ಒಳ್ಳೆಯ ಕಾರಣವೂ ಇದೆ. ಆರನೇ ಕ್ಲಾಸಿಗೇ ಐಐಟಿ ಫೌಂಡೇಶನ್ ಅನ್ನುವ ಬೋರ್ಡ್ ನೋಡಿ ಮರುಳಾಗಬೇಡಿ. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ 16 ವರ್ಷದೊಳಗಿನವರನ್ನು ಕೋಚಿಂಗ್ ಸೆಂಟರ್‌ಗೆ ಸೇರಿಸಿಕೊಳ್ಳಬಾರದು ಅನ್ನುತ್ತದೆ, ಬೋರ್ಡುಗಳು ಮಾತ್ರ ಇಳಿದಿಲ್ಲ. ಮೊದಲ ವಾರ ಮಗುವಿನ ಪುಸ್ತಕ ತೆಗೆದು ನೋಡಿ. ಅಕ್ಷರ ಯಾರದು? ಲೆಕ್ಕವೆಲ್ಲ ಹೇಳಿಕೊಡುವವರ ಕೈಬರಹದಲ್ಲೋ, ಬೋರ್ಡಿನಿಂದ ಇಳಿಸಿಕೊಂಡ ಹಾಗೆ ನೀಟಾಗೋ ಇದ್ದರೆ ಅನುಮಾನ ಪಡಿ. ಹೊಡೆದುಹಾಕಿದ ಸಾಲು, ಮತ್ತೆ ಮಾಡಿದ ಲೆಕ್ಕ, ಪಕ್ಕದಲ್ಲಿ ಗೀಚಿದ ಚಿತ್ರ ಇದ್ದರೆ ಅಲ್ಲಿ ಏನೋ ನಡೆಯುತ್ತಿದೆ ಅಂತ ಅರ್ಥ.

ಬಿಡಿಸೋದು ಯಾವಾಗ ಅಂತ ಯಾರೂ ಕೇಳುವುದಿಲ್ಲ. ಸೇರಿಸೋದಷ್ಟೇ ಗೊತ್ತು. ಮಗು ಸ್ಕೂಲಿನ ಹೊಸ ಪಾಠವನ್ನು ತಾನೇ ಓದಿಕೊಂಡು, ಅರ್ಥವಾಗದ ಒಂದು ಜಾಗವನ್ನು ಗುರುತು ಹಾಕಿಕೊಂಡು ಬಂದರೆ ನನ್ನ ಕೆಲಸ ಮುಗಿಯಿತು. ಹಾಗೆ ಬಂದ ಎಂಟನೇ ಕ್ಲಾಸಿನ ಹುಡುಗನ ಅಮ್ಮನಿಗೆ ಹೋದ ತಿಂಗಳು ಹೇಳಿದೆ. ಇನ್ನು ಇವನಿಗೆ ನಾನು ಬೇಡ, ಡೌಟ್ ಇದ್ದರೆ ಯಾವಾಗ ಬೇಕಾದರೂ ಬರಲಿ, ಸಂಜೆ ಆಡೋಕೆ ಬಿಡಿ ಅಂತ. ಅವರಿಗೆ ಖುಷಿ ಆಯಿತು, ಸ್ವಲ್ಪ ಗಾಬರಿಯೂ ಆಯಿತು. ಚಪ್ಪಲಿ ಹಾಕಿಕೊಳ್ಳುತ್ತಾ ತಿರುಗಿ ಕೇಳಿದರು. "ಹಾಗಾದ್ರೆ ಮೇಡಂ, ಸೈನ್ಸ್‌ಗೆ ಈ ಕಡೆ ಯಾರಾದ್ರೂ ಇದ್ದಾರಾ?"